ಗಾಡಿಗೆ ಉಡಿ ತುಂಬಿದ್ದು

ಇವತ್ತು ಬೆಳಿಗ್ಗೆ ನಮ್ಮ ಮನೆಯ ಹೊಸ ಮಿಕ್ಸರ್ ನನಗೆ ಅವಮಾನ ಮಾಡಿತು. ಕೊಬ್ಬರಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಎಲ್ಲ ಹಾಕಿ ಗುಂಡಿ ತಿರುವಿದರೆ ಸುಮ್ಮನೆ ಕೂತಿದೆ. ವೈರು ನೋಡಿದೆ, ಪ್ಲಗ್ಗು ಜಗ್ಗಾಡಿದೆ, ಕರೆಂಟಿನವರನ್ನು ಬೈದೆ. ಕೊನೆಗೆ ನನ್ನ ಹೆಂಡತಿ ಗಿರಿಜಾ ಬಂದು ಮುಚ್ಚಳವನ್ನು ಒಂದಿಷ್ಟೇ ತಿರುವಿ 'ಟಕ್' ಅನ್ನಿಸಿದಳು. ತಕ್ಷಣ ಗುರ್ ಎಂದು ಶುರುವಾಯಿತು.

"ಮುಚ್ಚಳ ಸರಿ ಕುಂತಿರಲಿಲ್ರೀ. ಸರಿ ಕುಂದ್ರೋ ತನಕ ಅದು ತಿರುಗೂದಿಲ್ಲ," ಅಂದಳು.

ಅಲ್ಲ, ಮನೆ ನನ್ನದು, ಮಿಕ್ಸರ್ ನನ್ನದು, ಕೊಬ್ಬರಿ ನನ್ನದು. ಚಟ್ನಿ ಗೋಡೆಗೆ ಹಾರಿದರೆ ಒರೆಸುವವನೂ ನಾನೇ. (ಇದನ್ನು ಗಿರಿಜಾ ಒಪ್ಪುವುದಿಲ್ಲ, ಇರಲಿ.) ನನಗೆ ಷರತ್ತು ಹಾಕಲು ಈ ಮುಚ್ಚಳ ಯಾರು? ಹೋದ ತಿಂಗಳ ಆ ಬಿಳಿ ಗಾಡಿ ನೆನಪಾಗಿ ನನಗೆ ಮತ್ತೊಮ್ಮೆ ಮೈ ಉರಿಯಿತು. ಅದರದೂ ಮುಚ್ಚಳದ್ದೇ ಜಗಳ. ಟಾಪು ತೆಗೆಯುವ ಕಾರು ಅಂತಾರಲ್ಲ, ಗುಂಡಿ ಒತ್ತಿದರೆ ತಲೆಯ ಮೇಲಿನ ಚಾವಣಿ ಮಡಚಿಕೊಂಡು ಹಿಂದಿನ ಡಿಕ್ಕಿಯೊಳಗೆ ಹೋಗಿ ಮಲಗುತ್ತದಲ್ಲ, ಆ ಜಾತಿಯ ಗಾಡಿ ಅದು.

ನನ್ನ ಸಿಟ್ಟು ಸುಮ್ಮನೆ ಹುಟ್ಟಿದ್ದಲ್ಲ. ನಾನು ಹಾವೇರಿಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವನು. ಹನ್ನೆರಡು ಮಷೀನು, ಹನ್ನೆರಡು ಕುರ್ಚಿ, ಗೋಡೆಗೆ ಒಂದು ಗಡಿಯಾರ. ಅಕ್ಷರವೊಂದರ ಕೀಲಿ ಒತ್ತಿದರೆ ಆ ಅಕ್ಷರವೇ ಬೀಳುತ್ತಿತ್ತು. ಮೆಲ್ಲಗೆ ಒತ್ತಿದರೂ ಅದೇ, ಜೋರಾಗಿ ಒತ್ತಿದರೂ ಅದೇ. 'ನೀನು ಬೆಲ್ಟು ಕಟ್ಟಿಕೊಂಡಿದ್ದೀಯಾ, ನಿನ್ನ ಕೋಣೆಯ ಬಾಗಿಲು ಹಾಕಿದೆಯಾ' ಎಂದು ಆ ಮಷೀನು ಯಾರನ್ನೂ ಕೇಳಲಿಲ್ಲ. ತಪ್ಪು ಒತ್ತಿದರೆ ತಪ್ಪು ಬೀಳುತ್ತಿತ್ತು, ತಪ್ಪಿಗೆ ನಾವೇ ಜವಾಬ್ದಾರರು. ಮನುಷ್ಯನನ್ನು ದೊಡ್ಡವನೆಂದು ನಂಬಿದ ಯಂತ್ರ ಅದೇ ಕಡೆಯದು ಅಂತ ನನ್ನ ಅಭಿಪ್ರಾಯ. ಈಗ ಆ ಹನ್ನೆರಡೂ ಮಷೀನು ಅಟ್ಟದ ಮೇಲಿವೆ.

ಇರಲಿ, ಗಾಡಿಯ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮೊದಲು ನಮ್ಮ ಅಕ್ಕನ ವಿಷಯ ಹೇಳಬೇಕು.

ನಮ್ಮ ಶಾಂತಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಚಿಕ್ಕಂದಿನಲ್ಲಿ ಅಪ್ಪ ಬ್ಯಾಡಗಿಗೆ ಮೆಣಸಿನಕಾಯಿ ಹೇರಿಕೊಂಡು ಹೊರಟರೆ ನಾವಿಬ್ಬರೂ ಚಕ್ಕಡಿಯ ಮೇಲೆ, ಚೀಲಗಳ ತುತ್ತತುದಿಯಲ್ಲಿ. ಕೆಳಗೆ ಘಾಟು, ಮೇಲೆ ಬಿಸಿಲು. ಅಕ್ಕ ತನ್ನ ಓಢಣಿಯ ತುದಿ ಹರಿದು ನೀರಲ್ಲಿ ತೊಯ್ಸಿ ನನ್ನ ಮೂಗಿಗೆ ಕಟ್ಟುತ್ತಿದ್ದಳು. ತಾನು ಮಾತ್ರ ಎದ್ದು ನಿಂತು, ದಾರಿಯಲ್ಲಿ ಸಿಕ್ಕವರಿಗೆಲ್ಲ ಕೈ ಬೀಸಿ, ಸೀನಿ, ಮತ್ತೆ ಕೈ ಬೀಸುತ್ತಿದ್ದಳು. 'ಕುಂದ್ರಽ, ಬೀಳ್ತಿ' ಎಂದು ಅಪ್ಪ ಎಷ್ಟು ಕೂಗಿದರೂ ಅವಳು ಕೂತವಳಲ್ಲ.

ಮದುವೆಯಾಗಿ ಎರಡು ವರ್ಷಕ್ಕೆ ಭಾವ ತೀರಿಹೋದರು. ಅಕ್ಕನನ್ನು ತವರಿಗೆ ಕರೆತರಲು ಬಾಡಿಗೆ ಕಾರು ಮಾಡಿದ್ದೆವು. ಹೊಸದಾಗಿ ಗಂಡನನ್ನು ಕಳೆದುಕೊಂಡವಳ ಮುಖ ದಾರಿಯಲ್ಲಿ ಹೋಗುವವರಿಗೆ ಕಾಣಬಾರದು ಎಂದು ಹಿರಿಯರು ಅಂದರು. ಕಿಟಕಿಯ ಗಾಜಿಗೆ ಟವೆಲ್ಲು ಸಿಕ್ಕಿಸಿದರು. ಸಿಕ್ಕಿಸಿದರು ಅಂತ ಯಾಕೆ ಹೇಳಲಿ? ಸಿಕ್ಕಿಸಿದವನು ನಾನೇ. ಇಪ್ಪತ್ತು ವರ್ಷದ ಗಂಡಸು, ಗಾಳಿಗೆ ಟವೆಲ್ಲು ಹಾರದ ಹಾಗೆ ದಾರಿಯುದ್ದಕ್ಕೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ.

ಆಮೇಲೆ ಅಕ್ಕ ನರ್ಸ್ ಟ್ರೇನಿಂಗ್ ಮಾಡಿದಳು. ಕೆಲವು ವರ್ಷ ಹಲಗೇರಿ, ಅಲ್ಲಿಂದ ಮುಂದೆ ಪೂರ್ತಿ ಐರಣಿ. ಹೊಳೆ ಬಂದರೂ ಬಿಡಲಿಲ್ಲ, ಬಿಸಿಲಿಗೂ ಬಿಡಲಿಲ್ಲ. ಆ ಊರಲ್ಲಿ ಈಗ ಮೀಸೆ ತಿರುವುವ ಗಂಡಸರಲ್ಲಿ ಬಹಳ ಜನರನ್ನು ಮೊದಲು ಬೆನ್ನು ತಟ್ಟಿ ಅಳಿಸಿದವಳು ನಮ್ಮ ಅಕ್ಕ. ಅವಳ ನಿವೃತ್ತಿಗೆ ಊರ ಹೆಂಗಸರು ಮೆರವಣಿಗೆ ಮಾಡುತ್ತೇವೆ ಅಂದರು. ಮುಂದಾಳು ರೇಣುಕಾ. ಐರಣಿಯಲ್ಲಿ ಅಕ್ಕ ಹೆರಿಗೆ ಮಾಡಿಸಿದ ಮೊದಲ ಕೂಸೇ ಅವಳು. ಈಗ ಅವಳಿಗೇ ಎರಡು ಮಕ್ಕಳು.

ಅಕ್ಕ ಮೊದಲು ಒಲ್ಲೆ ಅಂದಳು. ಆಮೇಲೆ ನನಗೆ ಫೋನು ಮಾಡಿ ಹೇಳಿದಳು: "ತಮ್ಮಾ, ಮುಚ್ಚಿದ ಗಾಡ್ಯಾಗ ಕುಂದ್ರಿಸಿದ್ರ ನಾ ಬರೂದಿಲ್ಲ ನೋಡು. ಒಮ್ಮೆ ಹಂಗ ಬಂದೇನಿ, ಸಾಕಾಗೇತಿ. ತೆರೆದ ಗಾಡಿ ಇದ್ರ ಬರ್ತೇನಿ. ಇಲ್ಲಂದ್ರ ನಡಕೋತ ಮನಿಗೆ ಹೋಗ್ತೇನಿ."

ಅವಳು ಟವೆಲ್ಲಿನ ಮಾತು ಎತ್ತಿದ್ದು ಅದೇ ಮೊದಲು. ಅದೂ ಟವೆಲ್ಲು ಅಂತ ಹೆಸರಿಸದೆ. ನಾನು "ಆತು ಅಕ್ಕ, ನಾ ತರ್ತೇನಿ" ಅಂದೆ. ಟ್ರ್ಯಾಕ್ಟರ್ ಇತ್ತು, ಆದರೆ "ಅದರಾಗ ಗೊಬ್ಬರ ಹೇರ್ತಾರ್ರೀ, ಅಕ್ಕಾರನ್ನ ಅದರಾಗ ನಿಂದ್ರಸೂದಿಲ್ಲ" ಅಂತ ರೇಣುಕಾಳ ಹಟ.

ಬ್ಯಾಡಗಿಯಲ್ಲಿ ನನ್ನ ಹಳೆಯ ಶಿಷ್ಯ ಬಸಣ್ಣ ಇದ್ದಾನೆ. ಟೈಪಿಂಗಿನಲ್ಲಿ ಎರಡು ಸಲ ಫೇಲಾಗಿ, ಮೆಣಸಿನಕಾಯಿ ವ್ಯಾಪಾರಕ್ಕೆ ಇಳಿದು ಉದ್ಧಾರವಾದವನು. ಟಾಪು ತೆಗೆಯುವ ಗಾಡಿ ಇಟ್ಟುಕೊಂಡವನು ನನ್ನ ಪರಿಚಯದಲ್ಲಿ ಅವನೊಬ್ಬನೇ. ಕೇಳಿದ್ದೇ ತಡ, "ಸರ, ಗಾಡಿ ನಿಮ್ಮದಽ ಅಂತ ತಿಳ್ಕೊಳ್ರಿ. ಆದ್ರ ಅವತ್ತು ಮೆಣಸಿನಕಾಯಿ ಹರಾಜಿನ ಟೆಂಡರ್ ದಿನ, ನನಗ ಅಂಗಡಿ ಬಿಡಾಕ ಆಗೂದಿಲ್ಲ. ನೀವಽ ನಡಸ್ಕೊಂಡು ಹೋಗ್ರಿ," ಅಂದ. ಜೊತೆಗೆ ಒಂದು ದಪ್ಪ ಪುಸ್ತಕ ಕೊಟ್ಟ. ಗಾಡಿ ಬಳಸುವ ಬಗೆ ಅಂತ. ನಾನು ಅದನ್ನು ಮೂರು ದಿನ ಓದಿದೆ. ಓದಿದ ಹಾಗೆಲ್ಲ ಸಿಟ್ಟು ಏರಿತು.

ಕೇಳಿ. ಚಾವಣಿ ತೆಗೆಯಬೇಕಾದರೆ ಇಂಜಿನ್ ಶುರು ಇರಬೇಕಂತೆ. ಡಿಕ್ಕಿ ಮುಚ್ಚಿರಬೇಕಂತೆ. ವೇಗ ಇಷ್ಟರೊಳಗೇ ಇರಬೇಕಂತೆ. ಗುಂಡಿಯನ್ನು ಒತ್ತಿದರೆ ಸಾಲದು, ಚಾವಣಿ ಪೂರ್ತಿ ಮಡಚಿಕೊಳ್ಳುವ ತನಕ ಬೆರಳು ತೆಗೆಯಬಾರದಂತೆ. ನಡುವೆ ಬೆರಳು ಸಡಿಲಿಸಿದರೆ ಅದು ಆಕಾಶದಲ್ಲಿ ಬಾಯಿ ತೆರೆದುಕೊಂಡು ಅಲ್ಲೇ ನಿಲ್ಲುತ್ತದೆ. ತೆಗೆದ ಮೇಲೆ ಗಾಳಿ ಬರುತ್ತದಲ್ಲ, ಆ ಗಾಳಿ ತಡೆಯಲು ಸೀಟಿನ ಹಿಂದೆ ಒಂದು ಜಾಳಿಗೆ! ಗಾಳಿ ಬೇಡದವನು ಚಾವಣಿ ಯಾಕೆ ತೆಗೆಯುತ್ತಾನೆ ಸ್ವಾಮಿ? ಅದೂ ಸಾಲದೆಂದು ಸೀಟಿನ ಮೇಲ್ತುದಿಯಲ್ಲಿ ಒಂದು ಕಿಂಡಿ, ಕೂತವರ ಕುತ್ತಿಗೆಗೆ ಬಿಸಿಗಾಳಿ ಊದಲಿಕ್ಕೆ. ರಾಣೆಬೆನ್ನೂರಿನ ಬಿಸಿಲಲ್ಲಿ ಕುತ್ತಿಗೆಗೆ ಬಿಸಿಗಾಳಿ! ನಮ್ಮಲ್ಲಿ ಅದನ್ನು ಸೂರ್ಯ ಪುಕ್ಕಟೆ ಮಾಡುತ್ತಾನೆ.

ಸೀಟಿಗೆ ನೆನಪಿನ ಶಕ್ತಿ ಬೇರೆ. ಬಸಣ್ಣನ ಕಾಲು ಗಿಡ್ಡ, ನನ್ನವು ಉದ್ದ. ಬಾಗಿಲು ತೆರೆದಾಗಲೆಲ್ಲ ಸೀಟು 'ಇವನು ಬಸಣ್ಣ' ಎಂದು ನಿರ್ಧರಿಸಿ ಮುಂದೆ ಸರಿದು ನನ್ನ ಮೊಣಕಾಲನ್ನು ಸ್ಟೇರಿಂಗಿಗೆ ಒತ್ತುತ್ತಿತ್ತು. ಮೆರವಣಿಗೆಯ ದಿನ ಬ್ಯಾಡಗಿಯಿಂದ ಗಾಡಿ ತರುವಾಗ ಗಿರಿಜಾ ಪಕ್ಕದಲ್ಲಿ ಕೂತು ಯಾವುದೋ ಗುಂಡಿ ಮುಟ್ಟಿದಳು, ಅವಳ ಸೀಟು ಕಾಯತೊಡಗಿತು. "ರೀ, ಕೆಳಗ ಯಾರೋ ಕೆಂಡ ಇಟ್ಟಂಗ ಆಗಾಕತ್ತೈತಿ," ಅಂದಳು. ಅದನ್ನು ಆರಿಸುವ ಗುಂಡಿ ಸಿಗಲು ಮೋಟೆಬೆನ್ನೂರು ದಾಟಬೇಕಾಯಿತು.

ಒಂದು ಸಲ ಪರೀಕ್ಷೆ ಮಾಡೋಣ ಎಂದು ಬ್ಯಾಡಗಿಯಲ್ಲೇ, ಬಸಣ್ಣನ ಅಂಗಡಿಯ ಮುಂದೆ, ಚಾವಣಿ ತೆಗೆದಿದ್ದೆ. ತೆಗೆಯಿತು. ಆದರೆ ಸುಗ್ಗಿಯ ಕಾಲದಲ್ಲಿ, ಟೆಂಡರ್ ದಿನ, ಬ್ಯಾಡಗಿ ಪೇಟೆಯಲ್ಲಿ ಚಾವಣಿ ತೆಗೆಯುವ ಬುದ್ಧಿ ಯಾರಿಗೆ ಬರುತ್ತದೆ? ಮೆಣಸಿನಕಾಯಿಯ ಧೂಳು ಮೂಗಿಗೆ ಬಡಿದದ್ದೇ ನಾನು ಏಳು ಸಲ, ಗಿರಿಜಾ ಒಂಬತ್ತು ಸಲ ಸೀನಿದೆವು. ಕಣ್ಣಲ್ಲಿ ನೀರು, ಗುಂಡಿ ಕಾಣದು, ಸೀನಿದಾಗಲೆಲ್ಲ ಬೆರಳು ಜಾರಿ ಚಾವಣಿ ಅರ್ಧಕ್ಕೇ ನಿಲ್ಲುವುದು. ಹಮಾಲರು ಚೀಲ ಇಳಿಸಿ ನಗಾಡಿದರು. ಮೂಗಿಗೆ ಒದ್ದೆ ಬಟ್ಟೆ ಕಟ್ಟುವವಳು ಅಲ್ಲಿರಲಿಲ್ಲ.

ಅಂತೂ ಚಾವಣಿ ಮುಚ್ಚಿಕೊಂಡೇ, ಮೆರವಣಿಗೆಗೆ ಖಂಡಿತ ತೆಗೆಯುತ್ತೇನೆ ಎಂದು ಮಾತು ಕೊಟ್ಟು ಅಕ್ಕನನ್ನು ರಾಣೆಬೆನ್ನೂರಿನ ಅವಳ ಮನೆಯಿಂದ ಹತ್ತಿಸಿಕೊಂಡು, ಐರಣಿ ಸೇರಿದೆವು. ಹನುಮಪ್ಪನ ಗುಡಿಯ ಮುಂದೆ ಹಲಗೆ ಬಾರಿಸುವವರು ಬೆಂಕಿಗೆ ಹಲಗೆ ಕಾಯಿಸುತ್ತಿದ್ದರು. ಹೆಂಗಸರ ಹಿಂಡೇ ನೆರೆದಿತ್ತು. ಅಕ್ಕ ಇಳಿದದ್ದೇ ತಡ, ಒಬ್ಬೊಬ್ಬರೂ ಕೈ ಹಿಡಿಯುವವರು, ಕಣ್ಣು ಒರೆಸುವವರು. ಗಾಡಿಗೆ ಪೂಜೆ ಆಯಿತು. ಆರತಿ ಮಾಡುವಾಗ ಒಬ್ಬಾಕೆ ನೀರು ಚಿಮುಕಿಸಿದಳು, ಗಾಜಿನ ಮೇಲೆ ನಾಲ್ಕು ಹನಿ ಬಿತ್ತು, ಗಾಡಿ ಮಳೆ ಬಂತೆಂದು ತಾನೇ ತಿಳಿದು ವೈಪರ್ ಬೀಸಿ ಅರಿಶಿಣ ಕುಂಕುಮವನ್ನೆಲ್ಲ ಗಾಜಿನ ತುಂಬ ಬಳಿಯಿತು. "ಬ್ಯಾಡ ಅನ್ನಾಕತ್ತೈತಿ ನೋಡ್ರೇ," ಅಂತ ಯಾರೋ ನಕ್ಕರು. ನಾನು ನಗಲಿಲ್ಲ.

ಈಗ ಉಡಿಯ ಮಾತು. ಊರಿಂದ ಹೊರಡುವ ಮಗಳಿಗೆ ಉಡಿ ತುಂಬುವುದು ನಮ್ಮಲ್ಲಿ ದೊಡ್ಡ ಶಾಸ್ತ್ರ. ಸೆರಗು ಒಡ್ಡಬೇಕು, ಅದರೊಳಗೆ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ, ಉತ್ತತ್ತಿ, ಅರಿಶಿಣ ಬೇರು. ಉಡಿಯಲ್ಲಿ ಬಿದ್ದದ್ದನ್ನು ಮನೆ ಮುಟ್ಟುವ ತನಕ ನೆಲಕ್ಕೆ ಇಡಬಾರದು. ಮತ್ತೆ, ಗಂಡ ಇಲ್ಲದವಳಿಗೆ ಉಡಿ ತುಂಬುವುದಿಲ್ಲ. ನನ್ನ ಮಗಳ ಸೀಮಂತದ ಕುಬಸದಲ್ಲೂ ಅಕ್ಕ ಅಡಿಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ನಾನು ಅದನ್ನು ನೋಡಿ, ಕುರ್ಚಿ ಸಾಲುತ್ತವೋ ಇಲ್ಲವೋ ನೋಡಲು ಹೊರಗೆ ಹೋಗಿದ್ದೆ.

ರೇಣುಕಾ ಅಕ್ಕನಿಗೆ ಉಡಿ ತುಂಬಬೇಕೆಂದು ಹಟ ಹಿಡಿದಿದ್ದಳಂತೆ. ಊರಿನ ಹಿರಿಯಳು ಫಕೀರವ್ವ ಒಪ್ಪಿರಲಿಲ್ಲ. ಫಕೀರವ್ವನೂ ಗಂಡನನ್ನು ಕಳೆದುಕೊಂಡು ನಲವತ್ತು ವರ್ಷವಾದವಳು. ಅವತ್ತೂ ಗುಡಿಯ ಕಟ್ಟೆಯ ಮೇಲೆ ದೂರ ಕೂತು, ಯಾವುದನ್ನೂ ಮುಟ್ಟದೆ, ಯಾರು ಏನು ಮಾಡಬೇಕು ಎಂದು ಕೂಗಿ ಹೇಳುತ್ತಿದ್ದಳು. ಪದ್ಧತಿಯನ್ನು ಮೊದಲು ತನಗೇ ವಿಧಿಸಿಕೊಂಡವಳ ಎದುರು ವಾದ ಮಾಡುವುದು ಹೇಗೆ? ಅದಕ್ಕೆ ಹೆಂಗಸರು ಒಂದು ಉಪಾಯ ಹುಡುಕಿದ್ದರು.

"ಗಾಡಿ ನಮ್ಮೂರಿಗೆ ಮೊದಲ ಸಲ ಬಂದೈತಿ," ರೇಣುಕಾ ಎಲ್ಲರಿಗೂ ಕೇಳುವಂತೆ ಅಂದಳು. "ನಾವು ಗಾಡಿಗೆ ಉಡಿ ತುಂಬತೇವಿ. ಗಾಡ್ಯಾಗ ಯಾರ ಕುಂತಿರ್ತಾರ, ಅದು ಅವರ ನಸೀಬು. ಸರ, ಡಿಕ್ಕಿ ತಗೀರಿ."

ನನಗೆ ಖುಷಿಯಾಯಿತು. ಡಿಕ್ಕಿ ತೆಗೆದೆ. ಒಳಗೆ ಅಡ್ಡಲಾಗಿ ಎಳೆದು ಸಿಕ್ಕಿಸಿದ ಒಂದು ಕಪ್ಪು ಹೊದಿಕೆ ಇತ್ತು, ಅದರಿಂದ ಜಾಗ ಅರ್ಧವಾಗಿತ್ತು. ಇದೊಂದು ಯಾಕೆ ಎಂದು ಅದರ ಕೊಂಡಿ ಬಿಚ್ಚಿ ಹಿಂದಕ್ಕೆ ಸರಿಸಿದೆ. ಪುಸ್ತಕದಲ್ಲಿ ಅದರ ಬಗ್ಗೆ ಒಂದು ಪುಟವೇ ಇತ್ತು. ಆ ಪುಟ ಓದುವಾಗ ನಾನು ಕುತ್ತಿಗೆಯ ಬಿಸಿಗಾಳಿಯ ಮೇಲೆ ಸಿಟ್ಟಾಗಿದ್ದೆ. ಹೊಸ ಬಟ್ಟೆ ಹಾಸಿದರು. ಒಬ್ಬೊಬ್ಬರಾಗಿ ಬಂದು ಅಕ್ಕಿ ಸುರಿದರು, ಕಾಯಿ ಇಟ್ಟರು, ಖಣ ಇಟ್ಟರು. ಡಿಕ್ಕಿ ತುಂಬಿ ಗುಡ್ಡವಾಯಿತು. ಅಕ್ಕ ಸ್ವಲ್ಪ ದೂರದಲ್ಲಿ ಕೈ ಕಟ್ಟಿಕೊಂಡು, ಅಭ್ಯಾಸವಾದ ಜಾಗದಲ್ಲಿ ನಿಂತು ನೋಡುತ್ತಿದ್ದಳು.

ಡಿಕ್ಕಿ ಮುಚ್ಚಿ, ಅಕ್ಕನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಇಂಜಿನ್ ಶುರು ಮಾಡಿ, ಗುಂಡಿ ಒತ್ತಿ ಹಿಡಿದೆ. ಹಲಗೆಯವರು ಬಾರಿಸತೊಡಗಿದರು. ಚಾವಣಿ ಅಲುಗಲಿಲ್ಲ. 'ಟಿಣ್' ಎಂದಿತು, ಅಷ್ಟೇ. ಮತ್ತೆ ಒತ್ತಿದೆ. ಮತ್ತೆ 'ಟಿಣ್'. ಸ್ಕ್ರೀನಿನ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂದು, ಕನ್ನಡಕ ಏರಿಸುವಷ್ಟರಲ್ಲಿ ಹೋಯಿತು. ನಾನು ಗುಂಡಿಯನ್ನು ಬೈದೆ, ಅದನ್ನು ಮಾಡಿದ ದೇಶವನ್ನು ಬೈದೆ, ಬಸಣ್ಣನನ್ನು ಎರಡು ಸಲ ಫೇಲು ಮಾಡಿದ ಪರೀಕ್ಷೆಯವರನ್ನು ಮನಸಾರೆ ಹೊಗಳಿದೆ. ಗಿರಿಜಾ ಅಷ್ಟರಲ್ಲಿ ಅವನಿಗೇ ಫೋನು ಹಚ್ಚಿ ಸ್ಪೀಕರ್ ಮೇಲೆ ಇಟ್ಟಿದ್ದಳು.

"ಸರ, ಡಿಕ್ಕ್ಯಾಗ ಏನರ ಇಟ್ಟೀರೇನ್ರೀ?" ಫೋನಿನಲ್ಲಿ ಬಸಣ್ಣ ಸೀನುತ್ತಲೇ ಕೇಳಿದ. "ಟಾಪು ಬಂದು ಮಲಗೂ ಜಾಗ ಅದು. ಕರೇ ಹೊದಿಕಿ ಹಾಕಿದ್ರ ಜಾಗ ಖಾಲಿ ಐತಿ ಅಂತ ಗಾಡಿಗೆ ತಿಳೀತೈತಿ. ಸಾಮಾನ ತಗದು, ಹೊದಿಕಿ ಕೊಂಡಿ ಹಾಕ್ರಿ. ತಾನಽ ತಗೀತೈತಿ."

ಸಾಮಾನು ತೆಗೆಯಬೇಕು. ಕೂತಲ್ಲಿಂದಲೇ ಡಿಕ್ಕಿ ತೆಗೆದೆ. ರೇಣುಕಾ ಡಿಕ್ಕಿಗೆ ಕೈ ಹಾಕಿದ್ದಷ್ಟೇ, ಕಟ್ಟೆಯ ಮೇಲಿಂದ ಫಕೀರವ್ವ ಕೂಗಿದಳು.

"ಏ, ಉಡಿ ಸಾಮಾನ ಐತಿ ಅದು! ನೆಲಕ್ಕ ಇಟ್ಟೀರಿ!"

"ಮತ್ತ ಎಲ್ಲಿ ಇಡೂದಬೇ ಆಯಿ?"

"ಕೊಟ್ಟ ಉಡಿ ನೀವಂತೂ ಹೊಳ್ಳಿ ತಗೊಳ್ಳಾಕ ಬರೂದಿಲ್ಲ. ಸರ್ ಮನಿಯಾಕಿ ಅದಾಳಲ್ಲ, ಹೊರಗಿನಾಕಿ, ಮುತ್ತೈದಿ. ಆಕಿ ಉಡಿಗೆ ಹಾಕ್ರಿ. ಲಗೂ ಆಗಲಿ, ಬಿಸಿಲು ಏರಾಕತ್ತೈತಿ."

ಎಲ್ಲರೂ ಗಿರಿಜಾಳ ಕಡೆ ನೋಡಿದರು. ಅವಳು ನನ್ನ ಕಡೆ ನೋಡಿದಳು. ಅವಳ ಕೈ ಸೆರಗಿನ ಮೇಲಿತ್ತು, ಆದರೆ ಒಡ್ಡಲಿಲ್ಲ. ಹಿಂದಿನ ಸೀಟಿನಿಂದ ಅಕ್ಕನ ದನಿ ಬಂತು, ಮೆಲ್ಲಗೆ:

"ಹೋಗ್ಲಿ ಬಿಡೋ ತಮ್ಮಾ. ಮುಚ್ಚಿದ್ದಽ ಇರಲಿ. ಉಡಿ ಅಲ್ಲೇ ಇರಲಿ, ನಾ ಹಿಂಗಽ ಕುಂತು ಬರ್ತೇನಿ. ಯಾರ ಮನಸ್ಸಿಗೂ ನೋವ ಆಗೂದು ಬ್ಯಾಡ."

ಚೀಲದ ತುದಿಯಲ್ಲಿ ಅಪ್ಪ ಕೂಗಿದರೂ ಕೂರದವಳು. ಈಗ ತಾನಾಗಿಯೇ ಕೂರುತ್ತೇನೆ ಅನ್ನುತ್ತಿದ್ದಾಳೆ. ಬೆಳಗಿನಿಂದ ನಾನು ಸೀಟನ್ನು ಬೈದಿದ್ದೆ, ಜಾಳಿಗೆಯನ್ನು ಬೈದಿದ್ದೆ, ವೈಪರನ್ನು ಬೈದಿದ್ದೆ. ಇದು ಮುಚ್ಚಿದ್ದರೆ ಅದು ತೆರೆಯುವುದಿಲ್ಲ, ಅದು ಇಲ್ಲದಿದ್ದರೆ ಇದು ಆಗುವುದಿಲ್ಲ ಎನ್ನುವ ಯಂತ್ರದ ಮೇಲೆ ಊರೆಲ್ಲ ಕೇಳುವ ಹಾಗೆ ಹರಿಹಾಯ್ದಿದ್ದೆ. ಈಗಲೋ, ನಾಚಿಕೆಗೆಟ್ಟ ಮಾತು, ಒಂದು ಕ್ಷಣ ನನಗೆ 'ಸರಿ, ಮುಚ್ಚಿದ್ದೇ ಇರಲಿ' ಅನ್ನಿಸಿಬಿಟ್ಟಿತು. ಮೂವತ್ತೇಳು ವರ್ಷದ ಹಿಂದೆ ಟವೆಲ್ಲು ಹಿಡಿದ ಕೈಯೇ ತಾನೆ ಇದು? ಆ ಕೈಯ ಮೇಲೆ ಎಂಥ ಸಿಟ್ಟು ಬಂತೆಂದರೆ, ಅದರಿಂದಲೇ ಸ್ಟೇರಿಂಗಿಗೆ ಗುದ್ದಿದೆ. ಹಾರ್ನ್ ಭೋಂ ಎಂದು ಬಡಿದುಕೊಂಡಿತು. ಹಲಗೆಗಳು ನಿಂತವು. ಕಟ್ಟೆಯ ಮೇಲಿದ್ದ ನಾಯಿ ಎದ್ದು ಹೋಯಿತು. ಇನ್ನು ಏನಾದರೂ ಹೇಳದೆ ದಾರಿಯೇ ಇರಲಿಲ್ಲ.

"ಅಕ್ಕನ ಉಡಿಗೆ ಹಾಕ್ರಿ," ಅಂದೆ. "ನಿಮ್ಮೂರಾಗ ಹೆಂಗಸ್ರ ಉಡಿ ತುಂಬಿಸಿದಾಕಿ ಆಕಿ. ಕೂಸುಗಳನ್ನ ಹಿಡಿಯಾಕ ಆಕಿ ಸೆರಗು ನಡೀತೈತಿ, ಒಂದು ಕಾಯಿ ಹಿಡಿಯಾಕ ನಡಿಯೂದಿಲ್ಲೇನು?"

ಎಲ್ಲರ ಕಣ್ಣು ಕಟ್ಟೆಯ ಕಡೆಗೆ. ಫಕೀರವ್ವ ಕೋಲು ಊರಿ ಎದ್ದಳು. ಮೆಲ್ಲಗೆ ಕಟ್ಟೆ ಇಳಿದು, ಹೆಂಗಸರ ನಡುವೆ ದಾರಿ ಮಾಡಿಕೊಂಡು ಡಿಕ್ಕಿಯ ಹತ್ತಿರ ಬಂದಳು. ಕೋಲನ್ನು ರೇಣುಕಾಳ ಕೈಗೆ ಕೊಟ್ಟಳು. ಬೆಳಗಿನಿಂದ ಏನನ್ನೂ ಮುಟ್ಟದಿದ್ದವಳು ಎರಡೂ ಕೈಯಿಂದ ಒಂದು ತೆಂಗಿನಕಾಯಿ ಎತ್ತಿಕೊಂಡಳು. ಅಕ್ಕ ಕಾರಿನಿಂದ ಇಳಿದು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದಳು.

"ಸೆರಗ ಒಡ್ಡಬೇ ಶಾಂತಾ," ಫಕೀರವ್ವ ಗದರಿದಳು. "ಎಷ್ಟೊತ್ತು ಹಿಡೀಲಿ? ಕೈ ನೋಯಾಕತ್ತಾವ."

ಅಕ್ಕ ಸೆರಗು ಒಡ್ಡಿದಳು. ಅವಳಿಗೆ ಅದು ಮರೆತೇಹೋಗಿತ್ತು ಅಂತ ಕಾಣುತ್ತದೆ, ರೇಣುಕಾ ಬಂದು ತುದಿ ಸರಿಮಾಡಿ ಕೈಗೆ ಕೊಟ್ಟಳು. ಮೊದಲ ಕಾಯಿ ಬಿತ್ತು. ಹಿಂದೆಯೇ ಅಕ್ಕಿ, ಖಣ, ಉತ್ತತ್ತಿ. ಸೆರಗು ತುಂಬಿದ ಮೇಲೆ ಉಳಿದದ್ದನ್ನು ಗಿರಿಜಾ ತನ್ನ ಉಡಿಗೆ ಹಾಕಿಸಿಕೊಂಡಳು. "ಅಕ್ಕಾರದು ತುಂಬಿತು, ಇನ್ನ ನಂದು," ಅಂದಳು. ನನಗೆ ಕಣ್ಣು ಉರಿಯತೊಡಗಿತು. ಬ್ಯಾಡಗಿಯ ಧೂಳು ಎಂದು ಕರವಸ್ತ್ರ ತೆಗೆದೆ. ಬ್ಯಾಡಗಿ ಅಲ್ಲಿಂದ ಎಷ್ಟು ದೂರ ಎಂದು ಯಾರೂ ಕೇಳಲಿಲ್ಲ.

ಹೊದಿಕೆ ಎಳೆದು ಕೊಂಡಿ ಹಾಕಿ ಡಿಕ್ಕಿ ಮುಚ್ಚಿದೆ. ಅಕ್ಕ ಉಡಿ ಹಿಡಿದು ಮತ್ತೆ ಹಿಂದಿನ ಸೀಟಿಗೆ ಬಂದು ಕೂತಳು. ಗುಂಡಿ ಒತ್ತಿ ಹಿಡಿದೆ. ಗಾಜುಗಳು ಇಳಿದವು, ಚಾವಣಿ ಎದ್ದು, ಮಡಚಿ, ಡಿಕ್ಕಿಯೊಳಗೆ ಹೋಗಿ ಮಲಗಿತು. ಬಿಸಿಲು ಅಕ್ಕನ ಮುಖದ ಮೇಲೆ ಬಿತ್ತು. ಅವಳು ಚಪ್ಪಲಿ ಬಿಟ್ಟು, ರೇಣುಕಾಳ ಭುಜ ಊರಿ, ಹಿಂದಿನ ಸೀಟಿನ ಮೇಲೆ ಹತ್ತಿ ನಿಂತಳು. ಎರಡೂ ಕೈಯಲ್ಲಿ ಉಡಿ. ಕೈ ಬೀಸಲು ಕೈ ಬಿಡುವಿರಲಿಲ್ಲ, ಊರೇ ಅವಳಿಗೆ ಕೈ ಬೀಸಿತು. ಬೀಳದ ಹಾಗೆ ಅವಳ ಸೊಂಟ ಹಿಡಿದು ಪಕ್ಕದಲ್ಲಿ ಕೂತಿದ್ದು ಫಕೀರವ್ವ.

ನಡೆಯುವವರ ಹೆಜ್ಜೆಗೆ ಗಾಡಿ ಬಿಟ್ಟೆ. ನಾಲ್ಕು ಮಾರು ಹೋಗಿರಲಿಲ್ಲ, ಆ ಯಂತ್ರಕ್ಕೆ ಮತ್ತೆ ತಡೆಯಲಾಗಲಿಲ್ಲ. ಟಿಣ್ ಟಿಣ್ ಟಿಣ್ ಎಂದು ಒಂದೇ ಸಮನೆ ಬಡಿದುಕೊಳ್ಳತೊಡಗಿತು. ಸ್ಕ್ರೀನಿನ ಮೇಲೆ ಕೆಂಪು ದೀಪ. ಹಿಂದಿನ ಸೀಟಿನವರು ಬೆಲ್ಟು ಹಾಕಿಲ್ಲವಂತೆ.

"ತಮ್ಮಾ, ಅದು ಯಾಕ ಬಡ್ಕೊಳ್ಳಾಕತ್ತೈತೋ?" ಮೇಲಿನಿಂದ ಅಕ್ಕ ಕೇಳಿದಳು.

"ನಿನಗ ಕುಂದ್ರು ಅನ್ನಾಕತ್ತೈತಿ ಅಕ್ಕ."

"ಕುಂದ್ರೂದಿಲ್ಲ ಅಂತ ಹೇಳು ಅದಕ್ಕ," ಅಂದಳು.